ರೆಸ್ಟೋರೇಟಿವ್ ಜಸ್ಟಿಸ್ ವಿಷಯದಲ್ಲೇ ಮೇಷ್ಟ್ರಾಗಿ, ಸಂಶೋಧನೆ ಮಾಡಿಕೊಂಡು ಮೈಸೂರಿನಲ್ಲಿ ಇರಬಹುದಾ?

ರೆಸ್ಟೋರೇಟಿವ್ ಜಸ್ಟಿಸ್ ಅಂದರೆ ತಪ್ಪು ಮಾಡಿದವನನ್ನೂ ನೊಂದವರನ್ನೂ ಎದುರುಬದುರು ಕೂರಿಸಿ, ಆದ ಹಾನಿಯನ್ನು ಸರಿಪಡಿಸಲು ನೋಡುವ ನ್ಯಾಯದ ದಾರಿ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸುತ್ತಿದ್ದೇನೆ, ಮುಂದೆ ಇದೇ ದಾರಿ ಹಿಡಿಯಲಾ ಎಂದು ಕೇಳಿದ್ದೀರಿ. ಖಂಡಿತ ಹಿಡಿಯಿರಿ. ಆದರೆ ಈ ಹೆಸರಿನ ಹುದ್ದೆಗೆ ಅರ್ಜಿ ಕರೆಯುತ್ತಾರೆ ಅಂತ ಕಾಯಬೇಡಿ. ಕಾನೂನು, ಸಮಾಜಕಾರ್ಯ, ಅಪರಾಧಶಾಸ್ತ್ರ, ಇವುಗಳಲ್ಲಿ ಒಂದರ ಮೇಷ್ಟ್ರಾಗಿ ಒಳಗೆ ಬಂದು, ಆಮೇಲೆ ಇದನ್ನು ಕಲಿಸಬೇಕು. ನೀವು ಸಮಾಜಕಾರ್ಯದಲ್ಲೇ ಕಾಲೇಜು ಮೇಷ್ಟ್ರಾಗುವ ಅರ್ಹತಾ ಪರೀಕ್ಷೆ, ನೆಟ್ ಅಥವಾ ಕೆ-ಸೆಟ್ ಬರೆಯಿರಿ. ನಾನು ಬಂದಿದ್ದು ಕಾನೂನಿನಿಂದ. ಇಲ್ಲಿನ ಒಂದು ಲಾ ಕಾಲೇಜಿನಲ್ಲಿ 11 ವರ್ಷದಿಂದ ಪಾಠ ಮಾಡುತ್ತಿದ್ದೇನೆ.

ಪಿಎಚ್‌ಡಿ ಶುರುವಿನಲ್ಲಿ ಹೊರದೇಶದ ಕಥೆಗಳನ್ನೇ ಜಾಸ್ತಿ ಓದಿದ್ದೆ. 1974ರಲ್ಲಿ ಕೆನಡಾದ ಎಲ್ಮೈರಾದಲ್ಲಿ ಇಬ್ಬರು ಹುಡುಗರು 22 ಕಡೆ ಜನರ ಆಸ್ತಿ ಹಾಳುಗೆಡವಿದ್ದರು. ಅವರನ್ನು ನಷ್ಟವಾದವರ ಮನೆ ಬಾಗಿಲಿಗೇ ಕರೆದುಕೊಂಡು ಹೋದರು. ನ್ಯೂಜಿಲೆಂಡ್ 1989ರಲ್ಲಿ ಮಕ್ಕಳ ಕೇಸುಗಳಿಗೆ ಮನೆಯವರೂ ನೊಂದವರೂ ಕೂತು ಮಾತಾಡುವ ಸಭೆಯನ್ನು ಕಾನೂನಿನಲ್ಲೇ ತಂದಿತು. ಓದುತ್ತಾ, ಇದು ನಮ್ಮೂರಿನ ಅರಳಿಕಟ್ಟೆ ಪಂಚಾಯ್ತಿ ಅಲ್ವಾ ಅಂದುಕೊಂಡೆ.

ಅಲ್ಲ ಅಂತ ಗೊತ್ತಾಗಿದ್ದು ಮಂಡ್ಯ ಕಡೆಯ ಒಂದು ಹಳ್ಳಿಯಲ್ಲಿ. ಒಬ್ಬ ಹುಡುಗ ಅದೇ ಬೀದಿಯ ಹೆಂಗಸೊಬ್ಬರ ಡೇರಿ ಬಟವಾಡೆ ದುಡ್ಡು ಕದ್ದಿದ್ದ. ದೊಡ್ಡವರು ಸೇರಿ ರಾಜಿ ಮಾಡಿಸಿ, ದುಡ್ಡು ವಾಪಸ್ ಕೊಡಿಸಿದ್ದರು. ಆಯಮ್ಮ ನನಗೆ ಕಾಫಿ ಕೊಟ್ಟು ಹೊಸ್ತಿಲ ಹತ್ತಿರ ಕೂತರು. "ದುಡ್ಡು ಬಂತು ಕಣ್ ಮಗ. ನಮ್ಮನೆಗೇ ಯಾಕೆ ಬಂದೆ ಅಂತ ಅವನನ್ನ ಒಂದು ಮಾತು ಕೇಳಬೇಕಿತ್ತು. ನನ್ನ ಯಾರೂ ಕರೀಲೇ ಇಲ್ಲ" ಅಂದರು. ಹಗಲು ಹೊತ್ತಲ್ಲೂ ಬಾಗಿಲಿಗೆ ಚಿಲಕ ಹಾಕಿಕೊಂಡೇ ಇರುತ್ತಿದ್ದರು. ನನ್ನ ಪ್ರಶ್ನಾವಳಿಯಲ್ಲಿ ಆ ಚಿಲಕವನ್ನು ಬರೆದುಕೊಳ್ಳಲು ಜಾಗವೇ ಇರಲಿಲ್ಲ.

ರೆಸ್ಟೋರೇಟಿವ್ ಜಸ್ಟಿಸ್‌ನಲ್ಲಿ ನೊಂದವರು ಮನಸಾರೆ ಒಪ್ಪಿ ಬರಬೇಕು, ಅವರು ಕೇಳಿದ್ದಕ್ಕೆ ತಪ್ಪು ಮಾಡಿದವನೇ ಉತ್ತರ ಹೇಳಬೇಕು. ಬಾಯಿ ಮುಚ್ಚಿಸುವ ರಾಜಿಯನ್ನು ಇದರ ಜೊತೆ ಸೇರಿಸಲೇಬಾರದು. ಜಾತಿ ದೌರ್ಜನ್ಯ, ಹೆಣ್ಣುಮಕ್ಕಳ ಮೇಲಿನ ಹಿಂಸೆಯಲ್ಲಂತೂ ಈ ಎಚ್ಚರ ತಪ್ಪಿದರೆ ನಾವೇ ಅನ್ಯಾಯ ಮಾಡಿದ ಹಾಗೆ.

ಸಂಶೋಧನೆಗೆ ವಿಷಯ ಬೇಕಾದಷ್ಟಿದೆ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಸಮುದಾಯ ಸೇವೆ, ಅಂದರೆ ತಪ್ಪು ಮಾಡಿದವರು ಜನರಿಗೆ ಉಪಯೋಗವಾಗುವ ಕೆಲಸ ಮಾಡುವುದು, ಇದೆ. 2024ರ ಜುಲೈ 1ರಿಂದ ಐಪಿಸಿ ಬದಲಿಗೆ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಕೆಲವು ಸಣ್ಣ ಅಪರಾಧಗಳಿಗೆ ಅದನ್ನು ಶಿಕ್ಷೆಯಾಗಿ ಸೇರಿಸಿದ್ದಾರೆ. ಆ ಸೇವೆಯಿಂದ ನೊಂದವರಿಗೆ ಏನು ಸಿಕ್ಕಿತು? ಇದೊಂದೇ ಪ್ರಶ್ನೆ ಪಿಎಚ್‌ಡಿಗೆ ಸಾಕು.

ಸಂದರ್ಶನಗಳನ್ನು ಮಾತ್ರ ಕನ್ನಡದಲ್ಲೇ ಬರೆದಿಟ್ಟುಕೊಳ್ಳಿ. ನಾನು ಇಂಗ್ಲಿಷಿಗೆ ಹಾಕಿಬಿಟ್ಟೆ. "ನಮ್ಮನೆಗೇ" ಅನ್ನುವಾಗ ಆಯಮ್ಮನ ದನಿಯಲ್ಲಿದ್ದ ನೋವು ನನ್ನ ಪ್ರಬಂಧದಲ್ಲಿ ಎಲ್ಲೂ ಇಲ್ಲ.