ಕಾಸರಗೋಡಿನ ಮಕ್ಕಳು ಯಾವ ಪಟ್ಟಿಯಲ್ಲಿ?

ಬೆಂಗಳೂರಿನ ಗೆಳೆಯನೊಬ್ಬ ಮೊನ್ನೆ ಫೋನಿನಲ್ಲಿ ಕೇಳಿದ: "ನಿಮ್ಮ ಊರಲ್ಲೇ ಸೆಂಟ್ರಲ್ ಯೂನಿವರ್ಸಿಟಿ ಇದೆಯಲ್ಲೋ. ಯೂನಿವರ್ಸಿಟಿಗಳು ಶಾಲೆ ಮಕ್ಕಳಿಗೆ ಸೈನ್ಸ್ ಕ್ಯಾಂಪ್ ಮಾಡ್ತವೆ. ಕಳಿಸೋದು ಬಿಟ್ಟು ಯಾವಾಗಲೂ ಕನ್ನಡಕ್ಕೆ ಅನ್ಯಾಯ ಅಂತೀರಲ್ಲ! ಅಲ್ಲ, ನಿಮ್ಮ ಮಕ್ಕಳು ಸೈನ್ಸನ್ನೂ ಕನ್ನಡದಲ್ಲೇ ಓದೋದಾ? ಪಾಪ."

ಹೌದು ಮಾರಾಯ, ಕನ್ನಡದಲ್ಲೇ. ಪಠ್ಯಪುಸ್ತಕ ಕೇರಳ ಸರ್ಕಾರದ್ದು, ಅಚ್ಚಾಗಿ ಬರುವುದು ಕನ್ನಡದಲ್ಲಿ. ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯೂ ಹಾಗೇ. ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಬ್ಯಾರಿಯೋ, ಬಸ್ಸಿನಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ. ನಮಗಿದು ವಿಶೇಷವೇ ಅಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೇಗೆ ಸೇರಿತು, 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗದ ಬಗ್ಗೆ ಏನು ಹೇಳಿತು ಎಂದು ಶುರು ಮಾಡಿದರೆ ನಿನ್ನ ಫೋನಿನ ಚಾರ್ಜು ಮುಗಿಯುತ್ತದೆ. ಅದು ಬಿಡು.

ಕ್ಯಾಂಪಿನ ವಿಷಯಕ್ಕೆ ಬರೋಣ. ನಾನು ಕನ್ನಡ ಮಾಧ್ಯಮದ ಹೈಸ್ಕೂಲಿನ ಮೇಷ್ಟ್ರು. ಕಲಿಕಾ ಶಿಬಿರ, ಲ್ಯಾಬ್ ಭೇಟಿ, ರಜೆಯ ಕಾರ್ಯಾಗಾರ ಅಂತ ಎಲ್ಲಿಂದಲಾದರೂ ಸುತ್ತೋಲೆ ಬಂದರೆ ಮೊದಲು ಓದುವವನು ನಾನೇ. ನಮ್ಮ ಸುತ್ತ ಸಂಸ್ಥೆಗಳಿಗೇನೂ ಬರ ಇಲ್ಲ. ಪೆರಿಯದಲ್ಲಿ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ, 2009ರಲ್ಲಿ ಸ್ಥಾಪನೆಯಾದದ್ದು. ಕೂಡ್ಲಿನಲ್ಲಿ ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ, 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದದ್ದು. ಗಡಿ ದಾಟಿದರೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ. ಮಂಜೇಶ್ವರದವರಿಗೆ ಪೆರಿಯಕ್ಕಿಂತ ಕೊಣಾಜೆಯೇ ಹತ್ತಿರ.

ತೊಂದರೆ ಇರುವುದು ಅರ್ಜಿಯ ಫಾರ್ಮಿನಲ್ಲಿ. ನಾನು ಹೇಳುವುದು ಯಾವುದೋ ಒಂದು ಸಂಸ್ಥೆಯ ಮೇಲಿನ ದೂರಲ್ಲ. ಗಡಿಯ ಎರಡೂ ಕಡೆ ಇದೇ ಕತೆ.

ಕೇರಳದ ಫಾರ್ಮ್ ತೆರೆದರೆ ಜಿಲ್ಲೆಯ ಜಾಗದಲ್ಲಿ ಕಾಸರಗೋಡು ಸಿಗುತ್ತದೆ. ಸಂತೋಷ. ಕೆಳಗೆ 'ಮಾಧ್ಯಮ' ಅಂತ ಇರುತ್ತದೆ: ಮಲಯಾಳ, ಇಂಗ್ಲಿಷ್. ಎರಡೇ. ನಾವು ಇಂಗ್ಲಿಷ್ ಒತ್ತುತ್ತೇವೆ, ಇನ್ನೇನು ಮಾಡುವುದು? ಮಗು ಹೋಗಿ ಕೂರುತ್ತದೆ. ಕ್ಲಾಸು ಇಂಗ್ಲಿಷಿನಲ್ಲೇ ಶುರುವಾಗುತ್ತದೆ. ಹತ್ತು ನಿಮಿಷ ಕಳೆದ ಮೇಲೆ, ಮಕ್ಕಳಿಗೆ ಸುಲಭವಾಗಲಿ ಅಂತ, ಒಳ್ಳೆಯ ಮನಸ್ಸಿನಿಂದಲೇ, ಅಧ್ಯಾಪಕರು ಮಲಯಾಳಕ್ಕೆ ಇಳಿಯುತ್ತಾರೆ. ಸಭಾಂಗಣಕ್ಕೆಲ್ಲ ಸುಲಭವಾಗುತ್ತದೆ, ನಮ್ಮ ಬೆಂಚೊಂದನ್ನು ಬಿಟ್ಟು. ನಮ್ಮ ಮಕ್ಕಳಿಗೆ ಮಲಯಾಳ ಬರುವುದಿಲ್ಲ ಅಂತಲ್ಲ. ಬಸ್ಸು ಹತ್ತಲು, ಅಂಗಡಿಗೆ ಹೋಗಲು ಧಾರಾಳ ಸಾಕು. ಅದನ್ನೇ ಹಿಡಿದುಕೊಂಡು ರಸಾಯನಶಾಸ್ತ್ರಕ್ಕೆ ಹೋಗಲು ಆಗುತ್ತಾ?

ಒಂದು ಶಿಬಿರದಲ್ಲಿ ನಾನೇ ಹಿಂದಿನ ಸಾಲಿನಲ್ಲಿ ಕೂತಿದ್ದೆ. ನೀಲಿ ದ್ರಾವಣದಲ್ಲಿ ಕಬ್ಬಿಣದ ಮೊಳೆ ಅದ್ದಿ, ಅದರ ಮೇಲೆ ಕೆಂಪಗೆ ತಾಮ್ರ ಕೂರುವುದನ್ನು ತೋರಿಸಿದರು. ಯಾಕೆ ಹೀಗಾಯಿತು ಅಂತ ಮಲಯಾಳದಲ್ಲಿ ಕೇಳಿದರು. ನಮ್ಮ ಹುಡುಗಿ ಸುಮ್ಮನೆ ಕೂತಳು. ಅವಳ ಅಪ್ಪನದು ಅಡಿಕೆ ತೋಟ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡಲು ಮೈಲುತುತ್ತು (ತಾಮ್ರದ ಸಲ್ಫೇಟ್), ಸುಣ್ಣ ಒಂದೊಂದು ಕಿಲೋ ತೂಗಿ 100 ಲೀಟರ್ ನೀರಿಗೆ ಕಲಸುವಾಗ ಇವಳೂ ಜೊತೆಗಿರುತ್ತಾಳೆ. ಮದ್ದು ಸರಿಯಾಯಿತೋ ಇಲ್ಲವೋ ನೋಡುವುದು ಹೇಗೆ? ಹೊಳೆಯುವ ಕತ್ತಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದುವುದು. ಕತ್ತಿಯ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಅದೇ ತಾಮ್ರ, ಅದೇ ಕಬ್ಬಿಣ! ಊಟದ ಹೊತ್ತಿಗೆ ನನ್ನ ಹತ್ತಿರ ಬಂದು, "ಸರ್, ಇದು ನಮ್ಮ ಬೋರ್ಡೋದ ಕತ್ತಿಯೇ ಅಲ್ವಾ?" ಅಂದಳು. ಹೌದು ಮಗಳೇ, ಅದೇ. ಆದರೆ ಬಹುಮಾನದ ಪುಸ್ತಕ ಆಗಲೇ ಬೇರೆಯವರಿಗೆ ಹೋಗಿತ್ತು. ಈಗ ಹೇಳು, ಪಾಪ ಯಾರು?

ಕೇರಳದ ಭಾಷಾ ಕಾಯ್ದೆ ಪ್ರಕಾರ ಇಲ್ಲಿಯ ಕನ್ನಡಿಗರು ಸರ್ಕಾರಕ್ಕೆ ಕನ್ನಡದಲ್ಲೇ ಬರೆಯಬಹುದು. ಬರೆದಿದ್ದೇವೆ ಕೂಡ. ಆದರೆ ಶಿಬಿರದ ಬೆಂಚಿಗೆ ಕಾಯ್ದೆ ಬಂದು ಕೂರುವುದಿಲ್ಲವಲ್ಲ. ಕಾಯ್ದೆ ಯಾಕೆ, ಇಬ್ಬರು ಹುಡುಗರು ಸಾಕು. ಪೆರಿಯದಲ್ಲೂ ಕನ್ನಡ ವಿಭಾಗ ಇದೆ, ಕಾಸರಗೋಡಿನ ಸರ್ಕಾರಿ ಕಾಲೇಜಿನಲ್ಲೂ ಇದೆ. ವಿಜ್ಞಾನದ ಶಿಬಿರ ಎಲ್ಲೇ ನಡೆಯಲಿ, ಕನ್ನಡ ಎಂ.ಎ. ಓದುವ ಇಬ್ಬರನ್ನು ನಮ್ಮ ಮಕ್ಕಳ ಪಕ್ಕ ಕೂರಿಸಿದರೆ ಆಯಿತು. ಇದಕ್ಕೆ ಖರ್ಚು ಅಂದರೆ ಎರಡು ಊಟ ಜಾಸ್ತಿ.

ಹಾಗಾದರೆ ಕರ್ನಾಟಕದ ಶಿಬಿರಕ್ಕೇ ಕಳಿಸಿ ಅಂತೀಯ. ಅಲ್ಲಿ ಭಾಷೆ ನಮ್ಮದೇ, ಫಾರ್ಮೂ ಕನ್ನಡದಲ್ಲಿ. ರಾಜ್ಯ ಅನ್ನುವ ಜಾಗದಲ್ಲಿ 'ಕರ್ನಾಟಕ' ಅಂತ ಮೊದಲೇ ತುಂಬಿರುತ್ತದೆ, ಬದಲಿಸಲು ಬರುವುದಿಲ್ಲ. ಜಿಲ್ಲೆಗಳ ಪಟ್ಟಿಯಲ್ಲಿ ಕಲಬುರಗಿ ದಾಟಿದ ಮೇಲೆ ನಾವಿಲ್ಲ. 'ದಕ್ಷಿಣ ಕನ್ನಡ' ಅಂತ ಒತ್ತಿ ಕಳಿಸಿದರೆ ಶಾಲೆಯ ಸಂಖ್ಯೆ ತಾಳೆಯಾಗುವುದಿಲ್ಲ. ಫೋನ್ ಮಾಡಿದರೆ, "ಓ, ಕೇರಳದವರಾ? ಕನ್ನಡ ಚೆನ್ನಾಗಿ ಮಾತಾಡ್ತೀರಿ!" ಅಂತಾರೆ. ಏನು ಹೇಳಲಿ ಇವರಿಗೆ? ರಾಷ್ಟ್ರಕವಿ ಗೋವಿಂದ ಪೈಗಳ ಮಂಜೇಶ್ವರವೂ ಇದೇ ಜಿಲ್ಲೆಯಲ್ಲಿದೆ ಅಂತ ಹೇಳಿ ಫೋನ್ ಇಡುತ್ತೇನೆ.

ಫಾರ್ಮ್ ದಾಟಿದರೂ ರಜೆ ಹೊಂದುವುದಿಲ್ಲ. ನಿಮಗೆ ದಸರಾಕ್ಕೆ ಉದ್ದ ರಜೆ, ಶಿಬಿರಗಳೂ ಆಗಲೇ. ನಮಗೆ ಉದ್ದ ರಜೆ ಓಣಂಗೆ, ದಸರಾಕ್ಕೆ ಆಯುಧಪೂಜೆಯ ಆಚೀಚೆ ಒಂದೆರಡು ದಿನ ಅಷ್ಟೆ. ಏಪ್ರಿಲ್, ಮೇ ಮಾತ್ರ ಇಬ್ಬರಿಗೂ ಹೊಂದುತ್ತದೆ.

ಎಲ್ಲ ಕಡೆಯೂ ಹೀಗೇ ಅಂದರೆ ಸುಳ್ಳಾಗುತ್ತದೆ. ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ 1993ರಿಂದ ನಡೆಯುತ್ತಿದೆ. 10ರಿಂದ 17 ವರ್ಷದ ಮಕ್ಕಳು ತಮ್ಮ ಊರಿನ ಸಮಸ್ಯೆಯೊಂದನ್ನು ಹಿಡಿದು ತಮ್ಮ ಭಾಷೆಯಲ್ಲೇ ವರದಿ ಬರೆಯಬಹುದು. ಅಂಥದ್ದರಲ್ಲಿ ನಮ್ಮ ಮಕ್ಕಳನ್ನು ಮಾತಾಡಲು ಬಿಟ್ಟು ನೋಡು, ನಿಲ್ಲಿಸುವುದೇ ಕಷ್ಟ.

ಇಷ್ಟು ಹೇಳಿದ ಮೇಲೆ ಗೆಳೆಯ ಒಂದು ಲಿಂಕ್ ಕಳಿಸಿದ. ಕರ್ನಾಟಕದ್ದೇ ಒಂದು ಶಿಬಿರ. ದಸರಾ ರಜೆಯಲ್ಲಿ! ಅವನಿಗೆ ಆ ಕಡೆ ಪರಿಚಯದವರಿದ್ದಾರಂತೆ. ಹಾಗಾದರೆ ಇಷ್ಟು ಮಾಡಿಸು ಅಂದೆ: ತಾರೀಕು ಬದಲಿಸುವುದು ಬೇಡ, ಜಿಲ್ಲೆಗಳ ಪಟ್ಟಿಗೆ ಕಾಸರಗೋಡು ಅಂತ ಒಂದು ಸಾಲು ಸೇರಿಸಲಿ. ರಜಾ ಚೀಟಿ ನಾವು ಬರೆದುಕೊಳ್ಳುತ್ತೇವೆ.