ಓದುಗರ ಪ್ರಶ್ನೆಗೆ ಉತ್ತರ: ಬೆಂದರೂ ಕರಗದ ಅಣಬೆಯ ಗೋಡೆ

ಪ್ರಶ್ನೆ: ಬದನೆಕಾಯಿಯನ್ನೂ ಅಣಬೆಯನ್ನೂ ಒಂದೇ ಬಾಣಲೆಗೆ ಹಾಕಿದರೆ ಬದನೆಕಾಯಿ ಕರಗಿ ಗೊಜ್ಜಾಗುತ್ತದೆ, ಅಣಬೆ ಮಾತ್ರ ಅರ್ಧ ಗಂಟೆಯಾದರೂ ಹಲ್ಲಿಗೆ ಸಿಗುವಂತೆಯೇ ಉಳಿಯುತ್ತದೆ. ಅದರ ಕೋಶಭಿತ್ತಿಯೇ ಇದಕ್ಕೆ ಕಾರಣವೆಂದು ಮಗಳು ಹೇಳುತ್ತಾಳೆ. ಅಷ್ಟು ಗಟ್ಟಿಯಾದ ಗೋಡೆಯೊಳಗಿದ್ದುಕೊಂಡು ಅಣಬೆ ರಾತ್ರಿ ಬೆಳಗಾಗುವುದರೊಳಗೆ ಬೆಳೆದು ನಿಲ್ಲುವುದಾದರೂ ಹೇಗೆ?
– ಗೃಹಿಣಿಯೊಬ್ಬರು, ಸಾಗರ

ಉತ್ತರ: ಮಗಳ ಮಾತು ಸರಿಯಾಗಿದೆ. ತರಕಾರಿಯ ಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಬಿಸಿನೀರಿನಲ್ಲಿ ಕರಗುವುದರಿಂದ ಬದನೆಕಾಯಿ ಮೆತ್ತಗಾಗುತ್ತದೆ. ಅಣಬೆಯ ಭಿತ್ತಿಯಲ್ಲಿರುವುದು ಕೈಟಿನ್ ಮತ್ತು ಗ್ಲುಕಾನ್. ಒಲೆಯ ಬಿಸಿ ಕೈಟಿನ್ನನ್ನು ಕರಗಿಸಲಾರದು. ಏಡಿಯ ಚಿಪ್ಪಿನಲ್ಲಿಯೂ ಜಿರಳೆಯ ಕವಚದಲ್ಲಿಯೂ ಇರುವ ಕೈಟಿನ್ನೇ ಇದು. ಆದರೆ ಫ್ರಾನ್ಸಿನ ಆನ್ರಿ ಬ್ರಾಕೊನೊ 1811ರಲ್ಲಿ ಈ ವಸ್ತುವನ್ನು ಮೊದಲು ಬೇರ್ಪಡಿಸಿದ್ದು ಅಣಬೆಯಿಂದ. ಕೀಟಗಳಲ್ಲಿ ಅದನ್ನು ಗುರುತಿಸಿದ್ದು ಆಮೇಲೆ.

ಮಲೆನಾಡಿನವರಾದ ತಮಗೆ ಬಿದಿರಿನ ತಟ್ಟಿಗೆ ಮಣ್ಣು ಮೆತ್ತಿದ ಗೋಡೆಯ ಪರಿಚಯವಿರಬಹುದು. ಅಣಬೆ, ಯೀಸ್ಟ್‌ಗಳೆಲ್ಲ ಸೇರಿದ ಶಿಲೀಂಧ್ರಗಳ ಭಿತ್ತಿಯಲ್ಲಿ ಕೋಶಪೊರೆಗೆ ತಾಗಿದಂತೆ ಕೈಟಿನ್ನಿನ ಎಳೆಗಳು ತಟ್ಟಿಯಂತೆ ಇರುತ್ತವೆ, ಅವುಗಳ ಸುತ್ತ ಗ್ಲುಕಾನ್ ತುಂಬಿಕೊಂಡಿರುತ್ತದೆ. ಹೋಲಿಕೆ ಪೂರ್ತಿ ಹೊಂದುವುದಿಲ್ಲ, ಏಕೆಂದರೆ ಗ್ಲುಕಾನ್ ಕೂಡ ಗ್ಲುಕೋಸಿನಿಂದ ಹೆಣೆದ ಎಳೆಯೇ. ಯೀಸ್ಟಿನಲ್ಲಿ ಇವೆರಡರ ಹೊರಗೆ, ಸಕ್ಕರೆಯ ಕವಲುಗಳನ್ನು ಹೊತ್ತ ಪ್ರೋಟೀನುಗಳ ಇನ್ನೊಂದು ಪದರವಿದೆ.

ಈ ಪ್ರೋಟೀನುಗಳು ಕೋಶದೊಳಗೇ ತಯಾರಾಗಿ ಸಣ್ಣ ಚೀಲಗಳಲ್ಲಿ ಹೊರಗೆ ಬರುತ್ತವೆ. ಕೈಟಿನ್ ಮತ್ತು ಗ್ಲುಕಾನ್‌ಗಳು ಹಾಗಲ್ಲ. ಅವುಗಳನ್ನು ಹೆಣೆಯುವ ಕಿಣ್ವಗಳು ಕೋಶಪೊರೆಯಲ್ಲಿಯೇ ಕುಳಿತಿದ್ದು, ಒಳಗಡೆಯಿಂದ ಒಂದೊಂದೇ ಸಕ್ಕರೆಯ ಘಟಕವನ್ನು ತೆಗೆದುಕೊಂಡು, ಶಾವಿಗೆಯ ಒರಳಿನಿಂದ ಎಳೆ ಇಳಿಯುವ ಹಾಗೆ, ಬೆಳೆಯುತ್ತಿರುವ ಸರಪಳಿಯನ್ನು ಪೊರೆಯ ಆಚೆಗೆ ತಳ್ಳುತ್ತವೆ. ಹೊಸದಾಗಿ ಇಳಿದ ಎಳೆ ಮೆದುವಾಗಿರುತ್ತದೆ. ಹೊರಗೆ ಕಾದಿರುವ ಬೇರೆ ಕಿಣ್ವಗಳು ಎಳೆಗಳನ್ನು ಕತ್ತರಿಸಿ, ಕೈಟಿನ್ನಿಗೆ ಗ್ಲುಕಾನನ್ನು ಬೆಸೆಯುತ್ತ ಹೋದಂತೆ ಭಿತ್ತಿ ಬಲಿಯುತ್ತದೆ.

ಬೆಳವಣಿಗೆಯ ಗುಟ್ಟು ಇಲ್ಲಿಯೇ ಇದೆ. ಮಣ್ಣಿನಲ್ಲಿ ಹರಡುವ ಶಿಲೀಂಧ್ರದ ಎಳೆ ಉದ್ದವಾಗುವುದು ತುದಿಯಲ್ಲಿ ಮಾತ್ರ. ಅಲ್ಲಿ ಭಿತ್ತಿ ಇನ್ನೂ ಎಳಸು. ಪಕ್ಕಗಳಲ್ಲಿ ಆಗಲೇ ಬಲಿತಿರುತ್ತದೆ. ಒಳಗಿನ ನೀರಿನ ಒತ್ತಡ ಎಲ್ಲ ಕಡೆಗೂ ಸಮನಾಗಿದ್ದರೂ ಮಣಿಯುವುದು ತುದಿಯೊಂದೇ ಆದ್ದರಿಂದ ಎಳೆ ಮುಂದಕ್ಕೆ ಸಾಗುತ್ತದೆ. ಅನೇಕ ಶಿಲೀಂಧ್ರಗಳಲ್ಲಿ, ಕಿಣ್ವಗಳನ್ನು ಹೊತ್ತು ತಂದ ಚೀಲಗಳು ತುದಿಯ ಹಿಂದೆಯೇ ಗುಂಪುಗೂಡಿ ನಿಲ್ಲುತ್ತವೆ. ಸೂಕ್ಷ್ಮದರ್ಶಕದಲ್ಲಿ ಒಂದು ಚುಕ್ಕೆಯಂತೆ ಕಾಣುವ ಈ ಗುಂಪಿಗೆ 1924ರಲ್ಲಿ ‘ಸ್ಪಿಟ್ಸೆನ್‌ಕೋರ್ಪರ್’, ಅಂದರೆ ತುದಿಯ ಕಾಯ, ಎಂಬ ಜರ್ಮನ್ ಹೆಸರು ಬಂದಿತು. ಚುಕ್ಕೆ ಯಾವ ಕಡೆಗೆ ಸರಿಯುವುದೋ ಎಳೆಯೂ ಆ ಕಡೆಗೆ ತಿರುಗುತ್ತದೆ.

ರಾತ್ರೋರಾತ್ರಿ ಮೇಲೇಳುವ ಅಣಬೆಯ ಕಾಂಡದ ಸಂಗತಿ ಸ್ವಲ್ಪ ಬೇರೆ. ಮೊಗ್ಗಿನಲ್ಲಿಯೇ ತಯಾರಾಗಿದ್ದ ಕೋಶಗಳು ನೀರು ಹೀರಿಕೊಂಡು ಉದ್ದವಾಗುತ್ತವೆ. ಕಿಣ್ವಗಳು ಭಿತ್ತಿಯನ್ನು ಅಲ್ಲಲ್ಲಿ ಸಡಿಲಿಸಿ ನಡುನಡುವೆ ಹೊಸ ಕೈಟಿನ್ ಸೇರಿಸುತ್ತ ಬರುತ್ತವೆ. ಸಡಿಲಿಕೆ ಹೆಚ್ಚಾದರೆ ಕೋಶ ಒಡೆಯುತ್ತದೆ, ಕಡಿಮೆಯಾದರೆ ಬೆಳವಣಿಗೆ ನಿಲ್ಲುತ್ತದೆ.

ದುರಸ್ತಿಯ ಏರ್ಪಾಡಂತೂ ಇನ್ನೂ ಚೆಂದವಾಗಿದೆ. ಬೇಕರಿಯ ಯೀಸ್ಟಿನಲ್ಲಿ ಡಬ್ಲ್ಯುಎಸ್‌ಸಿ1 ಎಂಬ ಪ್ರೋಟೀನಿನ ಒಂದು ತುದಿ ಭಿತ್ತಿಯಲ್ಲಿಯೂ ಇನ್ನೊಂದು ತುದಿ ಕೋಶದ ಒಳಗೂ ಇರುತ್ತದೆ. ಭಿತ್ತಿ ಬಿಗಿದಾಗ ಅಥವಾ ಸೊರಗಿದಾಗ ಅದು ಆರ್‌ಎಚ್‌ಒ1 ಎಂಬ ಇನ್ನೊಂದು ಪ್ರೋಟೀನನ್ನು ಎಚ್ಚರಿಸುತ್ತದೆ. ಈ ಆರ್‌ಎಚ್‌ಒ1 ಒಂದು ಕಡೆ ಗ್ಲುಕಾನ್ ಹೆಣೆಯುವ ಕಿಣ್ವವನ್ನು ನೇರವಾಗಿ ಚಾಲೂ ಮಾಡುತ್ತದೆ, ಇನ್ನೊಂದು ಕಡೆ ಭಿತ್ತಿಯ ಸಾಮಗ್ರಿಗೆ ಬೇಕಾದ ಜೀನುಗಳಿಗೆ ಸುದ್ದಿ ಮುಟ್ಟಿಸುತ್ತದೆ. ಗ್ಲುಕಾನ್ ಕಡಿಮೆಯಾದರೆ ಯೀಸ್ಟ್, ಮಾಮೂಲಿಗೆ ಭಿತ್ತಿಯ ತೂಕದಲ್ಲಿ ಶೇ. 1–2ರಷ್ಟೇ ಇರುವ ಕೈಟಿನ್ನನ್ನು ಹಲವು ಪಟ್ಟು ಹೆಚ್ಚಿಸಿಕೊಂಡು ಗೋಡೆಯನ್ನು ನಿಲ್ಲಿಸಿಕೊಳ್ಳುತ್ತದೆ.

ಪ್ರಶ್ನೆ: ಹುಳುಕಡ್ಡಿಗೆ ಮನೆಯಲ್ಲಿದ್ದ ಆ್ಯಂಟಿಬಯಾಟಿಕ್ ಮುಲಾಮು ಹಚ್ಚಿದೆ, ಗುಣವಾಗಲಿಲ್ಲ. ಪೆನಿಸಿಲಿನ್ ಕೂಡ ಭಿತ್ತಿಯನ್ನೇ ಕೆಡಿಸುವ ಔಷಧಿ ಅಲ್ಲವೇ?
– ಪದವಿ ವಿದ್ಯಾರ್ಥಿ, ಹಾವೇರಿ

ಉತ್ತರ: ಹುಳುಕಡ್ಡಿ ಬರುವುದು ಶಿಲೀಂಧ್ರದಿಂದ. ಪೆನಿಸಿಲಿನ್ ತಡೆಯುವುದು ಬ್ಯಾಕ್ಟೀರಿಯಾಗಳ ಭಿತ್ತಿಯಲ್ಲಿರುವ ಪೆಪ್ಟಿಡೊಗ್ಲೈಕಾನಿನ ಜೋಡಣೆಯನ್ನು; ಶಿಲೀಂಧ್ರದ ಭಿತ್ತಿಯಲ್ಲಿ ಆ ವಸ್ತುವೇ ಇಲ್ಲ. ಹುಳುಕಡ್ಡಿಗೆ ಕೊಡುವ ಟರ್ಬಿನಾಫಿನ್‌ನಂಥ ಔಷಧಿಗಳು ಭಿತ್ತಿಯನ್ನು ಮುಟ್ಟದೆ, ಅದರ ಒಳಗಿನ ಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ತಯಾರಾಗದಂತೆ ತಡೆಯುತ್ತವೆ. ಭಿತ್ತಿಗೇ ಗುರಿಯಿಟ್ಟ ಔಷಧಿಗಳು ತಡವಾಗಿ ಬಂದವು: ಗ್ಲುಕಾನ್ ಕಿಣ್ವವನ್ನು ತಡೆಯುವ ಕ್ಯಾಸ್ಪೊಫಂಗಿನ್‌ಗೆ ಅಮೆರಿಕದಲ್ಲಿ ಮಂಜೂರಾತಿ ದೊರೆತದ್ದು 2001ರಲ್ಲಿ. ನಮ್ಮ ಕೋಶಗಳಿಗೆ ಭಿತ್ತಿಯೇ ಇಲ್ಲವಾದ್ದರಿಂದ ಈ ಗುರಿ ತುಂಬ ಜಾಣತನದ್ದು. ಆದರೂ 2021ರಲ್ಲಿ ನಮ್ಮ ಆಸ್ಪತ್ರೆಗಳನ್ನು ಕಾಡಿದ ಕಪ್ಪು ಶಿಲೀಂಧ್ರದ ಮೇಲೆ ಕ್ಯಾಸ್ಪೊಫಂಗಿನ್ ಒಂದೇ ಸಾಲುವುದಿಲ್ಲ. ಆಗ ಎಲ್ಲರೂ ಹುಡುಕಿದ ಆಂಫೊಟೆರಿಸಿನ್ ಪೊರೆಯ ಎರ್ಗೊಸ್ಟೆರಾಲಿಗೆ ಅಂಟಿಕೊಳ್ಳುವ ಔಷಧಿ. ಮುಲಾಮನ್ನು ತಾವೇ ಆರಿಸದೆ ಚರ್ಮವೈದ್ಯರಿಗೆ ತೋರಿಸಿ.

ಪ್ರಶ್ನೆ: ಭತ್ತದ ಬೆಂಕಿ ರೋಗವೂ ಅಡಿಕೆಯ ಕೊಳೆರೋಗವೂ ಶಿಲೀಂಧ್ರದಿಂದಲೇ ಬರುತ್ತವಲ್ಲ, ಎರಡಕ್ಕೂ ಒಂದೇ ಔಷಧಿ ಏಕೆ ಸಾಲದು?
– ಕೃಷಿಕರು, ತೀರ್ಥಹಳ್ಳಿ

ಉತ್ತರ: ಎರಡರ ಗೋಡೆಗಳೂ ಬೇರೆ. ಬೆಂಕಿ ರೋಗದ್ದು ನಿಜವಾದ ಶಿಲೀಂಧ್ರ. ಅದು ಭತ್ತದ ಎಲೆಯ ಮೇಲೆ ಒಂದು ಗುಮ್ಮಟವನ್ನು ಕಟ್ಟಿ, ಅದರ ಭಿತ್ತಿಯ ಒಳಮೈಗೆ ಮೆಲನಿನ್ ಎಂಬ ಕಪ್ಪು ವಸ್ತುವನ್ನು ಹಚ್ಚುತ್ತದೆ. ಒಳಗಿನ ಗ್ಲಿಸರಾಲ್ ಸೋರದಂತೆ ಮೆಲನಿನ್ ತಡೆಯುವುದರಿಂದ ಒತ್ತಡ 8 ಮೆಗಾಪಾಸ್ಕಲಿನವರೆಗೆ, ಅಂದರೆ ಕಾರಿನ ಟೈರಿನದರ ಸುಮಾರು 40 ಪಟ್ಟು ಏರಿ, ಎಲೆಯ ಸಿಪ್ಪೆಯನ್ನೇ ತೂತು ಮಾಡುತ್ತದೆ. ಟ್ರೈಸೈಕ್ಲಜೋಲ್ ಎಂಬ ಔಷಧಿ ಆ ಮೆಲನಿನ್ ತಯಾರಾಗದಂತೆ ಮಾಡುತ್ತದೆ. ಗುಮ್ಮಟವಿದ್ದರೂ ಒತ್ತಡ ನಿಲ್ಲುವುದಿಲ್ಲ.

ಕೊಳೆರೋಗದ ಫೈಟಾಫ್ತೊರಾ ನೋಡಲು ಬೂಷ್ಟಿನಂತಿದ್ದರೂ ಶಿಲೀಂಧ್ರಗಳ ಕುಲಕ್ಕೆ ಸೇರಿದ್ದಲ್ಲ. ವಂಶದಲ್ಲಿ ಅದು ಕಂದು ಪಾಚಿಗಳಿಗೆ ಹತ್ತಿರ. ಅದರ ಭಿತ್ತಿಯಲ್ಲಿ ಕೈಟಿನ್ನಿನ ಜಾಗದಲ್ಲಿ ಮುಖ್ಯವಾಗಿ ಸೆಲ್ಯುಲೋಸ್ ಇದೆ. ಭತ್ತದ ರೋಗಾಣುವಿನಂತೆ ಮೆಲನಿನ್ ಗುಮ್ಮಟವನ್ನು ನೆಚ್ಚಿದ ಜೀವಿಯೂ ಅದಲ್ಲ, ಆದ್ದರಿಂದ ಟ್ರೈಸೈಕ್ಲಜೋಲಿಗೆ ಅಲ್ಲಿ ಕೆಲಸವಿಲ್ಲ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೊ ದ್ರಾವಣದ ತಾಮ್ರ ಇಂಥ ಒಂದೇ ಸಾಮಗ್ರಿಯನ್ನು ನಂಬದೆ ಕೋಶದ ಹಲವು ಕಿಣ್ವಗಳನ್ನು ಒಟ್ಟಿಗೆ ಕೆಡಿಸುತ್ತದೆ. ಆದರೆ ಅದು ಗೊನೆಯ ಮೇಲೆ ಮೊದಲೇ ಇದ್ದರೆ ಮಾತ್ರ ಉಪಯೋಗ. ರೋಗಾಣುವಿನ ಎಳೆ ಅಡಿಕೆಕಾಯಿಯೊಳಗೆ ಹೊಕ್ಕ ಮೇಲೆ ತಾಮ್ರ ಅಲ್ಲಿಗೆ ತಲುಪುವುದಿಲ್ಲ, ಆದ್ದರಿಂದ ಮೊದಲ ಸಿಂಪಡಣೆಯನ್ನು ಮಳೆ ಹಿಡಿಯುವ ಮುಂಚೆಯೇ ಮುಗಿಸಿ.