ಮಾತಾಡೋಕೆ ಮೂರು ವರ್ಷ ಓದ್ಬೇಕಾ?

ಪ್ರಶ್ನೆ: ನನ್ನ ಮಗಳು ಎಂಬಿಬಿಎಸ್ ಮುಗಿಸಿದ್ದಾಳೆ. ಸೈಕಿಯಾಟ್ರಿಯನ್ನೇ ಮಾಡ್ತೀನಿ ಅಂತ ಹಟ ಹಿಡಿದಿದ್ದಾಳೆ. ಸರ್ಜರಿ ಕಲಿತವರಿಗೆ ಕೈಯಲ್ಲಿ ಒಂದು ಕೆಲಸ ಇರುತ್ತೆ. ಇದರಲ್ಲಿ ರೋಗಿ ಹತ್ತಿರ ಮಾತಾಡೋದು ಬಿಟ್ಟರೆ ಕಲಿಯೋಕೆ ಏನಿದೆ ಡಾಕ್ಟ್ರೇ? ಅದಕ್ಕೆ ಮೂರು ವರ್ಷ ಬೇಕಾ?
– ಒಬ್ಬ ತಂದೆ

ಉತ್ತರ: ನಿಮ್ಮ ಪತ್ರ ಓದಿ ನನ್ನ ರೆಸಿಡೆನ್ಸಿಯ (ಎಂಬಿಬಿಎಸ್ ನಂತರ ಆಸ್ಪತ್ರೆಯಲ್ಲಿ ನಡೆಯುವ ತಜ್ಞ ತರಬೇತಿ) ಎರಡನೇ ತಿಂಗಳ ಒಂದು ರಾತ್ರಿ ನೆನಪಾಯಿತು. ಮೆಡಿಸಿನ್ ವಾರ್ಡಿನಿಂದ ಕರೆ ಬಂದಿತ್ತು. ವಯಸ್ಸಾದ ರೋಗಿಯೊಬ್ಬರು ಕೂಗಾಡುತ್ತಿದ್ದಾರೆ, ನಿಮ್ಮ ಕೇಸು, ಬಂದು ನೋಡಿ ಎಂದರು. ಹೋದೆ. ಅವರು ಹೊದಿಕೆಯ ನೂಲನ್ನು ಒಂದೊಂದಾಗಿ ಕೀಳುತ್ತಿದ್ದರು. ಗೋಡೆ ಮೇಲೆ ಹುಳ ಹರಿಯುತ್ತಿವೆ ಎಂದು ಕೈ ಬೀಸುತ್ತಿದ್ದರು. ನಾನು ಕೇಸ್ ಶೀಟಿನಲ್ಲಿ ‘ಸೈಕೋಸಿಸ್’ (ವಾಸ್ತವದ ಅರಿವು ತಪ್ಪುವ ಮನೋರೋಗ) ಎಂದು ಬರೆದು ಇಂಜೆಕ್ಷನ್ ಹೇಳಲು ಹೊರಟಿದ್ದೆ.

ಜೊತೆಗಿದ್ದ ಸೀನಿಯರ್ ತಡೆದರು. ‘ಬೆಳಗ್ಗೆ ಹೇಗಿದ್ದರು ಅಂತ ಕೇಳಿದೆಯಾ?’ ಕೇಳಿರಲಿಲ್ಲ. ಮಗನನ್ನು ಕೇಳಿದರೆ, ಬೆಳಗ್ಗೆ ಚೆನ್ನಾಗಿಯೇ ಮಾತಾಡಿದ್ದರಂತೆ. ವರ್ಷದ ತಿಂಗಳುಗಳನ್ನು ಹಿಂದಿನಿಂದ ಹೇಳಿ ಎಂದೆ. ಡಿಸೆಂಬರ್, ನವೆಂಬರ್ ಎಂದವರು ಅಲ್ಲೇ ಮರೆತು ನನ್ನ ಮುಖ ನೋಡಿದರು. ರಕ್ತ ಪರೀಕ್ಷೆಗೆ ಕಳಿಸಿದೆವು. ಸೋಡಿಯಂ 135ರಿಂದ 145 ಇರಬೇಕು. ಅವರದು 116 ಇತ್ತು. ಅದು ಡೆಲಿರಿಯಂ. ದೇಹದ ತೊಂದರೆ ಮಿದುಳನ್ನು ದಿಢೀರನೆ ಕದಡಿತ್ತು. ಸೋಡಿಯಂ ಅನ್ನು ನಿಧಾನವಾಗಿ ಏರಿಸಿದರು. ಬೇಗ ಏರಿಸಿದರೆ ಮಿದುಳಿಗೇ ಪೆಟ್ಟು. ನಾಲ್ಕನೇ ದಿನ ನಾನು ಹೋದಾಗ ಅವರು ಎದ್ದು ಕೂತಿದ್ದರು. ‘ನೀವು ಯಾರಮ್ಮಾ?’ ಎಂದು ಕೇಳಿದರು.

ಬೆಳಗ್ಗೆ ಹೇಗಿದ್ದರು ಎಂಬ ಆ ಒಂದು ಪ್ರಶ್ನೆ ತಾನಾಗಿ ನಾಲಿಗೆಗೆ ಬರುವಂತೆ ಮಾಡುವುದೇ ಈ ತರಬೇತಿ. ಭಾರತದಲ್ಲಿ ಅದಕ್ಕೆ 3 ವರ್ಷ, ಅಮೆರಿಕದಲ್ಲಿ 4, ಬ್ರಿಟನ್ನಿನಲ್ಲಿ ಎರಡು ಹಂತ ಸೇರಿ ಕಡಿಮೆಯೆಂದರೂ 6.

ಔಷಧಿಯ ಕೆಲಸವೂ ಸಣ್ಣದಲ್ಲ. ಲಿಥಿಯಂ ತಗೊಳ್ಳಿ. 1949ರಲ್ಲಿ ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್, ಮೇನಿಯಾಗೆ (ಮನಸ್ಸು ಮಿತಿಮೀರಿ ಉದ್ರೇಕಗೊಳ್ಳುವ ಕಾಯಿಲೆ) ಅದು ಕೆಲಸ ಮಾಡುತ್ತದೆ ಎಂದು ಬರೆದರು. ಇವತ್ತಿಗೂ ಅದು ಒಳ್ಳೆಯ ಔಷಧಿ. ಆದರೆ ರಕ್ತದಲ್ಲಿ ಸುಮಾರು 0.6ರಿಂದ 1.0ರ ನಡುವೆ ಇರಬೇಕು. 1.5 ದಾಟಿದರೆ ಕೈ ನಡುಕ, ವಾಂತಿ, ತೂರಾಟ ಶುರುವಾಗಬಹುದು. ಭೇದಿಯಾಗಿ ಮೈಯಲ್ಲಿ ನೀರು ಕಡಿಮೆಯಾದರೂ ಸಾಕು, ಅದು ಏರಿಬಿಡುತ್ತದೆ. ಪುಸ್ತಕದಲ್ಲಿ ಇದು ಒಂದೇ ಸಾಲು. ನಡುಗುವ ಕೈಯಲ್ಲಿ ನೀರಿನ ಲೋಟ ಹಿಡಿಯಲಾಗದವರನ್ನು ವಾರ್ಡಿನಲ್ಲಿ ಒಮ್ಮೆ ನೋಡಿದ ಮೇಲೆ ಆ ಸಾಲು ಮರೆಯುವುದಿಲ್ಲ.

ಇನ್ನು ಮಾತಿನ ವಿಚಾರ. ನಾನು ‘ರೋಗಿಗೆ ಬೇಸರವಿದೆ’ ಎಂದು ಬರೆದರೆ ನಮ್ಮ ಕನ್ಸಲ್ಟೆಂಟ್ ಕೆಂಪು ಗೆರೆ ಎಳೆಯುತ್ತಿದ್ದರು. ‘ಇದು ನಿನ್ನ ಮಾತು. ಅವರು ಏನಂದರು?’ ಮತ್ತೆ ಹೋಗಿ ಕೇಳಿಸಿಕೊಂಡು ಬರೆಯಬೇಕಿತ್ತು: ‘ಎದೆ ಮೇಲೆ ಕಲ್ಲಿಟ್ಟಂಗಿದೆ, ಮಗು ಅತ್ರೂ ಎತ್ಕೋಬೇಕು ಅನ್ಸಲ್ಲ.’ ಎರಡಕ್ಕೂ ಎಷ್ಟು ವ್ಯತ್ಯಾಸ ನೋಡಿ. ಮೊದಲನೆಯದು ಯಾರ ಬಗ್ಗೆ ಬೇಕಾದರೂ ಬರೆಯಬಹುದು. ಎರಡನೆಯದು ಆ ಒಬ್ಬ ತಾಯಿಯದು ಮಾತ್ರ. ಅದು ಗೊತ್ತಾದ ಮೇಲೆ ಮಗುವಿನ ಬಗ್ಗೆಯೂ ವಿಚಾರಿಸಬೇಕು ಎಂದು ಹೊಳೆಯುತ್ತದೆ, ಅಲ್ವಾ?

ಮಗಳನ್ನು ತಡೆಯಬೇಡಿ. ಸೀಟು ಹುಡುಕುವಾಗ ಒಂದು ಮಾತ್ರ ವಿಚಾರಿಸಲು ಹೇಳಿ: ರೆಸಿಡೆಂಟ್ ರೋಗಿಯ ಜೊತೆ ಮಾತಾಡುವಾಗ ಹಿರಿಯರು ಯಾರಾದರೂ ಪಕ್ಕದಲ್ಲಿ ಕೂತು ನೋಡುತ್ತಾರಾ? ಕಟ್ಟಡ, ಹೆಸರು ಎಲ್ಲಕ್ಕಿಂತ ಇದು ಮುಖ್ಯ. ಯಾರೂ ನೋಡದೆ ಮೂರು ವರ್ಷ ಕಳೆದರೆ ತಪ್ಪುಗಳೇ ಅಭ್ಯಾಸವಾಗುತ್ತವೆ.

ಪ್ರಶ್ನೆ: ನಾನು ಮೊದಲ ವರ್ಷದ ಸೈಕಿಯಾಟ್ರಿ ರೆಸಿಡೆಂಟ್. ಆತ್ಮಹತ್ಯೆಯ ಯೋಚನೆ ಇದೆಯಾ ಎಂದು ಕೇಳುವಾಗ ಬಾಯಿ ಒಣಗುತ್ತದೆ. ಇಲ್ಲದ ಯೋಚನೆಯನ್ನು ನಾನೇ ಅವರ ತಲೆಗೆ ತುಂಬಿದ ಹಾಗಾಗಲ್ವಾ ಮೇಡಂ?
– ಹೆಸರು ಬೇಡ

ಉತ್ತರ: ಆಗಲ್ಲ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಈ ಹೆದರಿಕೆ ನನಗೂ ಇತ್ತು. ಹಾಗಾಗಿ ನಾನು ಸುತ್ತಿ ಬಳಸಿ ಕೇಳುತ್ತಿದ್ದೆ. ‘ಅಂಥ ಕೆಟ್ಟ ಯೋಚನೆಯೇನೂ ಇಲ್ಲ ತಾನೇ?’ ಎಂದು. ಈ ವಾಕ್ಯವನ್ನು ಇನ್ನೊಮ್ಮೆ ಓದಿ. ‘ಇಲ್ಲ’ ಎಂಬ ಉತ್ತರವನ್ನು ನಾನೇ ಅವರ ಬಾಯಿಗೆ ಇಡುತ್ತಿದ್ದೆ. ಒಬ್ಬ ಹೆಣ್ಣುಮಗಳು ಹೀಗೆಯೇ ನನಗೆ ಇಲ್ಲ ಎಂದಿದ್ದರು. ಪಕ್ಕದಲ್ಲಿದ್ದ ಕನ್ಸಲ್ಟೆಂಟ್ ಕುರ್ಚಿ ಸ್ವಲ್ಪ ಮುಂದೆ ಎಳೆದುಕೊಂಡು, ದನಿ ಏರಿಸದೆ ಕೇಳಿದರು: ‘ಇಷ್ಟೆಲ್ಲ ಅನುಭವಿಸಿದವರಿಗೆ ಕೆಲವು ಸಲ ಸಾಯಬೇಕು ಅನ್ನಿಸುತ್ತೆ. ನಿಮಗೂ ಅನ್ನಿಸಿದೆಯಾ?’ ಆಕೆ ತುಂಬಾ ಹೊತ್ತು ಸುಮ್ನೆ ಕೂತಿದ್ದರು. ಕನ್ಸಲ್ಟೆಂಟೂ ಸುಮ್ಮನಿದ್ದರು. ನನಗೆ ಏನಾದರೂ ಹೇಳಿಬಿಡಬೇಕು ಎನ್ನಿಸುತ್ತಿತ್ತು. ಆಮೇಲೆ ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, ‘ಇದನ್ನ ಇದುವರೆಗೆ ಯಾರೂ ಕೇಳಿರಲಿಲ್ಲ’ ಎಂದರು.

ನೇರವಾಗಿ ಕೇಳಿ. ಹೌದು ಎಂದರೆ ಗಾಬರಿಯಾಗಬೇಡಿ, ಮುಂದಿನದನ್ನೂ ಕೇಳಿ. ಎಷ್ಟು ದಿನದಿಂದ, ಹೇಗೆ ಎಂದು ಯೋಚಿಸಿದ್ದಾರಾ, ಅದಕ್ಕೆ ಬೇಕಾದದ್ದು ಕೈಗೆ ಸಿಗುವ ಹಾಗಿದೆಯಾ, ಇದುವರೆಗೆ ತಡೆದದ್ದು ಯಾವುದು. ಆ ಕೊನೆಯದನ್ನು ಬಿಡಲೇಬೇಡಿ. ಎಷ್ಟೋ ಸಲ ಮುಂದಿನ ದಾರಿ ಆ ಉತ್ತರದಲ್ಲೇ ಸಿಗುತ್ತದೆ. ಕೇಳಿದ್ದನ್ನೆಲ್ಲ ಅವತ್ತೇ ಸೀನಿಯರ್‌ಗೆ ಹೇಳಿ. ರಾತ್ರಿಯಿಡೀ ಒಬ್ಬರೇ ಹೊತ್ತುಕೊಂಡು ಕೂರಬೇಡಿ.

ಮುಂದೊಂದು ದಿನ, ಎಲ್ಲ ಸರಿಯಾಗಿ ಮಾಡಿದ ಮೇಲೂ ಒಬ್ಬ ರೋಗಿ ಕೈಬಿಟ್ಟು ಹೋಗಬಹುದು. ನನಗೆ ಅದು ಎರಡನೇ ವರ್ಷದಲ್ಲಿ ಆಯಿತು. ಅವತ್ತು ಕನ್ಸಲ್ಟೆಂಟ್ ನನ್ನಿಂದ ಕಾರಣ ಕೇಳಲಿಲ್ಲ. ಕೇಸ್ ಶೀಟನ್ನು ಮೊದಲ ಪುಟದಿಂದ ನನ್ನ ಜೊತೆ ಕೂತು ಓದಿದರು. ಆಮೇಲೆ ಮನೆಯವರನ್ನು ನೋಡಲು ಇಬ್ಬರೂ ಒಟ್ಟಿಗೆ ಹೋದೆವು. ಅಂಥ ದಿನ ಬಂದರೆ ನಿಮ್ಮ ಜೊತೆಗೂ ಹಾಗೆ ಕೂರುವವರು ಇರಬೇಕು. ಇಲ್ಲದಿದ್ದರೆ ಬಾಯಿ ಬಿಟ್ಟು ಕೇಳಿ.

ಪ್ರಶ್ನೆ: ಓದು ಮುಗಿಸಿ ಸ್ವಂತ ಕ್ಲಿನಿಕ್ ಶುರು ಮಾಡಿದ ಮೇಲೆ, ಇದನ್ನು ನನಗೆ ಕಲಿಸಿರಲಿಲ್ಲವಲ್ಲ ಎಂದು ನಿಮಗೆ ಅನ್ನಿಸಿದ್ದು ಯಾವುದು?
– ಒಬ್ಬ ಓದುಗ

ಉತ್ತರ: ಒಬ್ಬರನ್ನೇ ಹತ್ತು ವರ್ಷ ನೋಡುವುದು. ತರಬೇತಿಯಲ್ಲಿ ಪೋಸ್ಟಿಂಗ್ ಬದಲಾಗುತ್ತಲೇ ಇರುತ್ತದೆ. ತೀರಾ ಹದಗೆಟ್ಟಾಗ ಬಂದವರನ್ನು ನೋಡುತ್ತೇವೆ, ಸುಧಾರಿಸಿ ಹೊರಟಾಗ ನೋಡುತ್ತೇವೆ, ಅಷ್ಟೇ. ಕ್ಲಿನಿಕ್ಕಿನಲ್ಲಿ ಹಾಗಲ್ಲ. ನಿದ್ದೆ ಬರಲ್ಲ ಅಂತ ಬಂದವರೇ ಮದುವೆಯಾಗಿ, ಕೆಲಸ ಕಳೆದುಕೊಂಡು, ತಾಯಿಯನ್ನು ಕಳೆದುಕೊಂಡು ಮತ್ತೆ ಮತ್ತೆ ಬರುತ್ತಾರೆ. ಪಕ್ಕದಲ್ಲಿ ಕೂತು ತಡೆಯುವ ಸೀನಿಯರ್ ಇರುವುದಿಲ್ಲ.

1950ರ ದಶಕದಲ್ಲಿ ಲಂಡನ್ನಿನಲ್ಲಿ ಮೈಕೆಲ್ ಬಾಲಿಂಟ್ ಎಂಬ ವೈದ್ಯರು ಸಾಮಾನ್ಯ ಡಾಕ್ಟರುಗಳನ್ನು ಗುಂಪಾಗಿ ಕೂರಿಸಿ, ಅವರವರ ರೋಗಿಗಳ ಬಗ್ಗೆ ಮಾತಾಡಿಸುತ್ತಿದ್ದರು. ಅದೇ ದಾರಿಯಲ್ಲಿ ನಾವು ಮೂವರು ಗೆಳತಿಯರು ತಿಂಗಳಿಗೊಮ್ಮೆ ಕೂರುತ್ತೇವೆ. ಯಾರ ಹೆಸರೂ ಹೇಳದೆ ಒಂದೊಂದು ಕೇಸ್ ಮುಂದಿಡುತ್ತೇವೆ. ಕಳೆದ ತಿಂಗಳು ನಾನು ಒಬ್ಬರ ವಿಷಯ ಹೇಳಿದೆ. ಆರು ವರ್ಷದಿಂದ ಒಂದೇ ಮಾತ್ರೆ, ಒಂದೇ ಡೋಸು, ಚೆನ್ನಾಗಿದ್ದಾರೆ. ‘ಇನ್ನೂ ಬೇಕಾ ಅದು? ಅವರನ್ನು ಕೇಳಿದ್ದೀಯಾ?’ ಎಂದಳು ಒಬ್ಬಳು. ನಾನು ಕೇಳಿರಲಿಲ್ಲ. ಮುಂದಿನ ಸಲ ಅವರು ಬಂದಾಗ ಕೇಳಿದೆ. ಅವರೂ ಎರಡು ವರ್ಷದಿಂದ ಅದನ್ನೇ ಕೇಳಬೇಕು ಅಂದುಕೊಳ್ಳುತ್ತಿದ್ದರಂತೆ. ಈಗ ನಿಧಾನವಾಗಿ ಡೋಸು ಇಳಿಸುತ್ತಿದ್ದೇವೆ.